ಖಾಲಿ ತಾ, ತುಂಬಿದ್ದು ಒಯ್ಯಿ

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಹೇಳಿಬಿಟ್ಟರು, ಅವರಿಗೇನು. ಹಾಸಿಗೆಯೇ ವರ್ಷದಿಂದ ವರ್ಷಕ್ಕೆ ಗಿಡ್ಡವಾಗುತ್ತಾ ಹೋದರೆ ಕಾಲನ್ನು ಏನು ಮಾಡಬೇಕು ಎಂದು ಯಾರೂ ಹೇಳಿಲ್ಲ. ಸ್ಟೋರಪ್ಪನ ಪಿಂಚಣಿ ಅಂಥ ಹಾಸಿಗೆ. ಆತ ಕಾರ್ಖಾನೆ ಬಿಟ್ಟಾಗ ಎಷ್ಟಿತ್ತೋ ಈಗಲೂ ಹೆಚ್ಚುಕಡಿಮೆ ಅಷ್ಟೇ. ಸೋಪು, ಸಕ್ಕರೆ, ಎಣ್ಣೆಗಳ ಬೆಲೆ ಮಾತ್ರ ಏಣಿ ಹಾಕಿಕೊಂಡು ಹತ್ತುತ್ತಿತ್ತು.

ಸ್ಟೋರಪ್ಪ ಎಂದರೆ ನೀರೆತ್ತುವ ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆಗಿದ್ದವನು. ಸವೆದ ಗರಗಸದ ಬ್ಲೇಡು ತಂದುಕೊಟ್ಟರೆ ಹೊಸ ಬ್ಲೇಡು, ಹರಿದ ಕೈಗವಸು ತಂದುಕೊಟ್ಟರೆ ಹೊಸ ಕೈಗವಸು. ‘ಖಾಲಿ ತಾ, ತುಂಬಿದ್ದು ಒಯ್ಯಿ’ ಎನ್ನುವುದು ಸ್ಟೋರಿನ ಕಿಟಕಿಯಲ್ಲಿ ಆತನ ಮಾತು. ಕೆಲಸದಿಂದ ನಿವೃತ್ತನಾದಾಗ ಕಾರ್ಖಾನೆಯವರು ಒಂದು ಗೋಡೆ ಗಡಿಯಾರ ಕೊಟ್ಟರು. ಕಿಟಕಿಯ ಆ ಮಾತನ್ನು ಆತ ಯಾರನ್ನೂ ಕೇಳದೆ ತಾನೇ ಮನೆಗೆ ತಂದ.

ನಡುಮನೆಯ ಗೋಡೆಯಲ್ಲಿದ್ದ ಎರಡು ಬಾಗಿಲಿನ ಕಪಾಟು ಆತನ ಹೊಸ ಸ್ಟೋರು. ಬೀಗದಕೈ ಆತನ ಬೆಲ್ಟಿನಲ್ಲಿ. ಹೆಂಡತಿಗೆ ಹಲ್ಲುಜ್ಜುವ ಪೇಸ್ಟು ಬೇಕಾದರೆ ಹಳೆಯ ಟ್ಯೂಬನ್ನು ಅದರ ರಟ್ಟಿನ ಡಬ್ಬಿಯ ಸಮೇತ ತಂದು ಒಪ್ಪಿಸಬೇಕು. ಆತ ಟ್ಯೂಬನ್ನು ಬೆಳಕಿಗೆ ಹಿಡಿದು, ಬಾಲದಿಂದ ಸುರುಳಿ ಸುತ್ತಿ, ‘ಇನ್ನೂ ಎರಡು ದಿನ ಬರುತ್ತೆ ಕಣೇ’ ಎಂದು ವಾಪಸು ಕೊಟ್ಟರೆ ಮರುಮಾತಿಲ್ಲ. ಚಹಾಪುಡಿಯ ಡಬ್ಬಿ, ಸೋಪಿನ ಹೊದಿಕೆ, ಬೆಂಕಿಪೊಟ್ಟಣ, ಎಲ್ಲದಕ್ಕೂ ಇದೇ ನ್ಯಾಯ.

ಹೆಂಡತಿಯನ್ನು ಬೀದಿಯವರು ಹೊಲಿಗೆಯಮ್ಮ ಎನ್ನುತ್ತಿದ್ದರು. ಕಣ್ಣು ಮಂಜಾಗುವವರೆಗೆ ಮನೆಯಲ್ಲೇ ಬಟ್ಟೆ ಹೊಲಿದು ನಾಲ್ಕು ಕಾಸು ಕಂಡವಳು. ಈಗ ಮಂಡಿಯೂ ಕೈಕೊಟ್ಟಿತ್ತು. ದಿನಾ ಮಾತ್ರೆ, ಮುಲಾಮು. ಗಂಡನ ಕಪಾಟಿನ ದರ್ಬಾರನ್ನು ಆಕೆ ನಗುತ್ತಲೇ ಸಹಿಸಿಕೊಂಡಿದ್ದಳು. ಆದರೆ ಮೂರು ಗಂಟೆಯ ಚಹಾ ನಿಂತಾಗ ನಗು ಬತ್ತಿತು. ‘ಮಧ್ಯಾಹ್ನದ್ದು ಇವತ್ತಿಂದ ರದ್ದು. ಬೆಳಿಗ್ಗೆ ಒಂದು ಲೋಟ ಸಾಕು’ ಎಂದು ಒಂದು ತಿಂಗಳ ಮೊದಲ ದಿನ ಸ್ಟೋರಪ್ಪ ಸಾರಿದ. ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಅಷ್ಟೂ ವರ್ಷ ಆಕೆ ಮೂರು ಗಂಟೆಗೆ ಪೆಡಲಿನಿಂದ ಕಾಲು ತೆಗೆದು, ಬೆನ್ನು ನೇರ ಮಾಡಿ, ಚಹಾ ಕುಡಿದವಳು. ಹಗಲಲ್ಲಿ ತನ್ನದು ಎನ್ನುವಂಥದ್ದು ಅದೊಂದೇ ಆಗಿತ್ತು.

ಅದಕ್ಕಿಂತ ಹೊಟ್ಟೆ ಉರಿಸಿದ್ದು ಆ ಕಪಾಟು. ಆತ ಬಾಗಿಲನ್ನು ಅರ್ಧ ತೆರೆದು, ಮೈ ಅಡ್ಡ ಇಟ್ಟು, ಮುಂದಿನಿಂದ ಒಂದು ವಸ್ತು ತೆಗೆದು, ಮತ್ತೆ ಮುಚ್ಚುತ್ತಿದ್ದ. ಆ ಚಣದಲ್ಲಿ ಹೆಗಲ ಮೇಲಿಂದ ಆಕೆಗೆ ಕಾಣುತ್ತಿತ್ತು: ಚಹಾ ಡಬ್ಬಿಗಳು ಸಾಲಾಗಿ, ಪೇಸ್ಟಿನ ಡಬ್ಬಿಗಳು ಇಟ್ಟಿಗೆ ಜೋಡಿಸಿದಂತೆ, ಸೋಪುಗಳು ಮೇಲಿಂದ ಕೆಳಗಿನವರೆಗೆ. ಇಷ್ಟೆಲ್ಲ ಇಟ್ಟುಕೊಂಡು ಹೆಂಡತಿಗೆ ಒಂದು ಲೋಟ ಚಹಾ ಇಲ್ಲ. ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ.

‘ಅಷ್ಟೊಂದಿದೆಯಲ್ಲ, ಯಾವ ಕಾಲಕ್ಕೆ ಅಂತ ಇಟ್ಟಿದೀರಿ?’ ಎಂದು ಒಮ್ಮೆ ಕೇಳಿದಳು.

‘ಸ್ಟಾಕ್ ಮುಗೀತು ಅಂತ ಗೊತ್ತಾದ ದಿನವೇ ಎಲ್ಲರಿಗೂ ಎಲ್ಲಾ ಬೇಕಾಗುತ್ತೆ’ ಎಂದ ಸ್ಟೋರಪ್ಪ. ‘ಶೆಲ್ಫ್ ತುಂಬಿದ್ರೆ ಮನುಷ್ಯ ನೆಮ್ಮದಿಯಾಗಿ ನಿದ್ದೆ ಮಾಡ್ತಾನೆ. ಕೀಲಿ ನನ್ನ ಹತ್ರ ಇದೆ, ನೀನು ಯಾಕೆ ತಲೆ ಕೆಡಿಸ್ಕೋತೀಯ?’

ಕೀಲಿ ಯಾಕೆ ಆತನ ಹತ್ತಿರ ಎನ್ನುವುದಕ್ಕೂ ಒಂದು ಕಥೆಯಿತ್ತು; ಬೇಡವೆಂದರೂ ತಿಂಗಳಿಗೊಮ್ಮೆ ಕೇಳಬೇಕಿತ್ತು. ಆತ ಸ್ಟೋರ್ ಕೀಪರ್ ಆದ ಹೊಸತರಲ್ಲಿ, ತನ್ನ ಸಹಾಯಕ ತನಗಿಂತ ಎರಡು ದಿನ ಮೊದಲೇ ಕೆಲಸಕ್ಕೆ ಸೇರಿದವನು ಎಂದು ಗೊತ್ತಾಯಿತಂತೆ. ಯಾರೂ ಕೇಳಿರಲಿಲ್ಲ, ಸಾಹೇಬರಿಗೂ ತಿಳಿದಿರಲಿಲ್ಲ. ಸ್ಟೋರಪ್ಪ ತಾನೇ ಹೋಗಿ ಬೀಗದಕೈ ಗೊಂಚಲನ್ನು ಆ ಮನುಷ್ಯನ ಕೈಗಿಟ್ಟು, ಅವನು ನಿವೃತ್ತನಾಗುವವರೆಗೆ ತಾನು ಅವನ ಕೈಕೆಳಗೆ ದುಡಿದನಂತೆ. ‘ಯಾರು ಸೀನಿಯರೋ ಅವರ ಕೈಲಿ ಕೀಲಿ. ನಿಯಮ ಅಂದ್ರೆ ನಿಯಮ’ ಎಂದು ಕಥೆ ಮುಗಿಯುತ್ತಿತ್ತು. ಮನೆಯಲ್ಲೂ ಅದೇ ನ್ಯಾಯ. ಆತ ಎರಡು ವರ್ಷಕ್ಕೆ ದೊಡ್ಡವನು, ಆದ್ದರಿಂದ ಪಿಂಚಣಿ, ಚೀಲ, ಬೀಗದಕೈ ಆತನದು.

ಈ ಮಾತು ಬಂದಾಗಲೆಲ್ಲ ಹೊಲಿಗೆಯಮ್ಮ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಯಾಕೆಂದರೆ ಅದು ಸುಳ್ಳು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರಲ್ಲ, ಆಕೆಯ ಸೋದರಮಾವ ಒಂದರಲ್ಲೇ ಮುಗಿಸಿದ್ದ: ಹುಡುಗಿಯ ವಯಸ್ಸಿನಲ್ಲಿ ನಾಲ್ಕು ವರ್ಷ ಕಳೆದುಬಿಟ್ಟಿದ್ದ. ಆಕೆ ನಿಜಕ್ಕೂ ಗಂಡನಿಗಿಂತ ಎರಡು ವರ್ಷ ದೊಡ್ಡವಳು. ಅರ್ಜಿ, ಕಾಗದಪತ್ರ ತುಂಬುವುದೆಲ್ಲ ಆಕೆಯೇ, ಯಾಕೆಂದರೆ ಸ್ಟೋರಪ್ಪನದು ಕೋಳಿ ಕೆದರಿದಂಥ ಅಕ್ಷರ. ಹಾಗಾಗಿ ಸುಳ್ಳು ಸುಖವಾಗಿ ಬಾಳಿತು. ಮೊದಮೊದಲು ಹೇಳಿಬಿಡೋಣ ಎನ್ನಿಸುತ್ತಿತ್ತು. ಆಮೇಲೆ ಮಗಳು ಹುಟ್ಟಿದಳು, ಮಗಳ ಮದುವೆಯಾಯಿತು, ಹೇಳುವ ವಯಸ್ಸು ದಾಟಿತು.

ಹಾಗಿರುವಾಗ ಪೇಟೆಯ ದೊಡ್ಡ ಅಂಗಡಿಯವರು ಬಾಗಿಲಿಗೆ ಒಂದು ಬೋರ್ಡು ಹಾಕಿದರು. ಅರವತ್ತೈದು ತುಂಬಿದವರಿಗೆ ಮಂಗಳವಾರ ಹತ್ತರಲ್ಲಿ ಒಂದು ಪಾಲು ರಿಯಾಯಿತಿ. ವಯಸ್ಸಿನ ಗುರುತು ತೋರಿಸಬೇಕು. ಸ್ಟೋರಪ್ಪ ಬೋರ್ಡನ್ನು ಎರಡು ಸಲ ಓದಿದ.

‘ನನಗೆ ಇನ್ನೂ ಒಂದು ವರ್ಷ ಬೇಕು’ ಎಂದ. ‘ನಿನ್ನ ಲೆಕ್ಕ ಬಿಡು, ನಿನಗೆ ಬರೋ ಹೊತ್ತಿಗೆ ಅಂಗಡಿ ಇರುತ್ತೋ ಇಲ್ವೋ.’

ಹೊಲಿಗೆಯಮ್ಮ ಬೋರ್ಡನ್ನು ಓದದವಳಂತೆ ಆಚೆ ನೋಡಿದಳು. ಆಕೆಯ ಪರ್ಸಿನಲ್ಲಿದ್ದ ಗುರುತಿನ ಚೀಟಿಗೆ ಅರವತ್ತಾರು ತುಂಬಿತ್ತು. ಬಾಯಿ ಬಿಟ್ಟರೆ ಬಣ್ಣಗೇಡು. ಬಿಡದಿದ್ದರೆ ಪ್ರತಿ ಮಂಗಳವಾರ ಒಂದು ಪಾಲು ನಷ್ಟ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವಳಂತೆ ಆಕೆ ಆ ಬೋರ್ಡಿನ ಮುಂದೆ ಒಂದಷ್ಟು ವಾರ ಓಡಾಡಿದಳು.

ಕೊನೆಗೆ ಒಂದು ಮಂಗಳವಾರ ಅಂಗಡಿ ಗಿಜಿಗುಡುತ್ತಿತ್ತು. ಹಿರಿಯರ ಸಾಲಿನಲ್ಲಿ ಪಕ್ಕದ ಮನೆಯ ನರ್ಸಮ್ಮ ನಿಂತಿದ್ದಳು. ಆಸ್ಪತ್ರೆಯ ಕೆಲಸ ಬಿಟ್ಟು ವರ್ಷಗಳಾದರೂ ದನಿ ಇನ್ನೂ ವಾರ್ಡಿನ ಆ ತುದಿಗೆ ಕೇಳಿಸುವಂಥದ್ದು. ‘ಹೊಲಿಗೆಯಮ್ಮ, ನಿಮ್ಮದಿನ್ನೂ ಎಳೇ ವಯಸ್ಸು, ಈ ಕಡೆ ತಲೆ ಹಾಕಬೇಡಿ!’ ಎಂದು ಕೂಗಿದಳು. ಸಾಲಿನವರು ನಕ್ಕರು, ಸ್ಟೋರಪ್ಪನೂ ಹೆಮ್ಮೆಯಿಂದ ನಕ್ಕ.

ಗಂಡಹೆಂಡತಿ ಪಕ್ಕದ ಸಾಮಾನ್ಯ ಸಾಲಿನಲ್ಲಿ ನಿಂತರು. ಬುಟ್ಟಿಯಲ್ಲಿ ಇದ್ದದ್ದೇ ಕಡಿಮೆ: ಅಕ್ಕಿ, ಬೇಳೆ, ಒಂದು ಸೋಪು, ಮಂಡಿಗೆ ಮುಲಾಮು, ಚಹಾಪುಡಿ. ಬಿಲ್ ಹಾಕುವ ಹುಡುಗಿ ಮೊತ್ತ ಹೇಳಿದಳು. ಸ್ಟೋರಪ್ಪ ಅಂಗಿಯ ಜೇಬಿನ ನೋಟು ತೆಗೆದ, ಪ್ಯಾಂಟಿನ ಜೇಬು ತಡಕಿದ, ಮತ್ತೆ ಅಂಗಿಯ ಜೇಬಿಗೆ ಕೈಹಾಕಿದ. ಮುಲಾಮಿನ ಬೆಲೆ ಏರಿತ್ತು. ಹಿಂದಿನವರು ಕಾಲು ಬದಲಿಸಿದರು. ಆತ ಮುಲಾಮನ್ನು ಮುಟ್ಟಿ, ಬಿಟ್ಟು, ಚಹಾಪುಡಿಯ ಡಬ್ಬಿಯನ್ನು ಎತ್ತಿ ಹುಡುಗಿಯ ಕಡೆ ಇಟ್ಟ.

‘ಇದೊಂದು ಬೇಡಮ್ಮ. ಚಹಾ ಒಳ್ಳೇದಲ್ಲ ಅಂತಾರೆ ಡಾಕ್ಟರು.’

ಯಾವ ಡಾಕ್ಟರೂ ಹಾಗೆ ಹೇಳಿರಲಿಲ್ಲ. ಹೊಲಿಗೆಯಮ್ಮನಿಗೆ ಮೊದಲು ಬಂದದ್ದು ಸಿಟ್ಟು. ಕಪಾಟಿನ ತುಂಬ ಚಹಾ ಇಟ್ಟುಕೊಂಡು, ನಾಲ್ಕು ಜನರೆದುರು ಇದೆಂಥ ನಾಟಕ! ಆಮೇಲೆ ಗಂಡನ ಕಿವಿ ಕಣ್ಣಿಗೆ ಬಿತ್ತು. ನಾಚಿಕೆಯಾದಾಗ ಆತನ ಕಿವಿ ಕೆಂಪಾಗುತ್ತದೆ, ಅದು ಆಕೆಗೊಬ್ಬಳಿಗೇ ಗೊತ್ತು. ಮನುಷ್ಯ ನಾಟಕ ಆಡುತ್ತಿರಲಿಲ್ಲ.

‘ಅದು ಅಲ್ಲೇ ಇರ್ಲಿ’ ಎಂದು ಪರ್ಸಿನಿಂದ ಗುರುತಿನ ಚೀಟಿ ತೆಗೆದು ಕೌಂಟರಿನ ಮೇಲಿಟ್ಟಳು. ‘ನನಗೆ ಅರವತ್ತಾರು ತುಂಬಿದೆ. ರಿಯಾಯಿತಿ ಹಾಕಮ್ಮ.’

ಹುಡುಗಿ ಚೀಟಿ ನೋಡಿ ತಲೆಯಾಡಿಸಿದಳು. ನರ್ಸಮ್ಮನ ಬಾಯಿ ತೆರೆದದ್ದು ಹಾಗೇ ನಿಂತಿತು. ಆಡಿದ ಮಾತು ಹೋಯಿತು, ಇನ್ನು ಹೆಕ್ಕುವಂತಿಲ್ಲ. ಸ್ಟೋರಪ್ಪ ಚೀಟಿಯನ್ನು ನೋಡಲಿಲ್ಲ, ಹೆಂಡತಿಯ ಮುಖ ನೋಡಿದ. ಹಣ ಸರಿಹೋಯಿತು, ಚಿಲ್ಲರೆಯೂ ಬಂತು.

ದಾರಿಯುದ್ದಕ್ಕೂ ಆತ ಚೀಲ ಹಿಡಿದು ಮೂರು ಹೆಜ್ಜೆ ಹಿಂದೆ ಬಂದ. ರಸ್ತೆ ದಾಟುವ ಕಡೆ ಆಕೆ ನಿಂತಾಗ ಕೈ ಮುಂದೆ ಮಾಡಿ, ‘ದೊಡ್ಡೋರು, ಮುಂದೆ ಹೋಗಿ’ ಎಂದ. ಮದುವೆಯಾದಾಗಿನಿಂದ ಆಕೆಯನ್ನು ಬಹುವಚನದಲ್ಲಿ ಕರೆದದ್ದು ಅದೇ ಮೊದಲು. ಇದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು ಎಂದು ಆಕೆಗೆ ಅನ್ನಿಸಿತು.

‘ಮಾವ ಹೇಳಿದ ಸುಳ್ಳು ರೀ ಅದು. ನಾನು ಆಮೇಲೆ ಹೇಳೋಣ ಅಂತಿದ್ದೆ.’

‘ನಿಮ್ಮನ್ನ ನಾನೇನೂ ಕೇಳಲಿಲ್ವಲ್ಲ.’

ಮನೆಗೆ ಬಂದು ಚೀಲವನ್ನು ಮೇಜಿನ ಮೇಲಿಟ್ಟ ಸ್ಟೋರಪ್ಪ ಬೆಲ್ಟಿಗೆ ಕೈಹಾಕಿದ. ಬೀಗದಕೈ ಬಿಚ್ಚಿ, ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದು, ಆಕೆಯ ಮುಂದೆ ಚಾಚಿದ.

‘ಏನಿದು, ಮಕ್ಕಳಾಟ?’

‘ಸೀನಿಯರ್ ಯಾರೋ ಅವರ ಕೈಲಿ ಕೀಲಿ. ನಿಯಮ ಅಂದ್ರೆ ನಿಯಮ. ತಗೊಳ್ಳಿ.’ ಬಾಗಿಲ ತನಕ ಹೋದವನು ನಿಂತು, ತಿರುಗದೆ, ‘ನಿಧಾನಕ್ಕೆ ನೋಡ್ಕೊಳ್ಳಿ’ ಎಂದು ಹೊರಗಿನ ಜಗಲಿಗೆ ಹೋಗಿ ಕೂತ.

ಹೊಲಿಗೆಯಮ್ಮನಿಗೆ, ಸುಳ್ಳು ಯಾಕೆ ಹೇಳಬೇಕು, ಒಳಗೊಳಗೇ ಸ್ವಲ್ಪ ಖುಷಿಯಾಯಿತು. ಇನ್ನು ಮೂರು ಗಂಟೆಗೆ ಚಹಾ, ಬೇಕಾದರೆ ಐದಕ್ಕೂ. ಹೊಸ ಡಬ್ಬಿಯನ್ನು ಕೈಯಲ್ಲಿ ಹಿಡಿದೇ ಕಪಾಟಿನ ಎರಡೂ ಬಾಗಿಲು ತೆರೆದಳು. ಸಾಲುಗಳು ಸಿಪಾಯಿಗಳಂತೆ ನಿಂತಿದ್ದವು. ಹೊಸದನ್ನು ಇಡಲು ಜಾಗ ಮಾಡೋಣವೆಂದು ಮುಂದಿನ ಚಹಾ ಡಬ್ಬಿಯನ್ನು ಎತ್ತಿದಳು. ಭಾರವಿಲ್ಲದೆ ಕೈ ತಾನೇ ಮೇಲೆ ಹೋಯಿತು.

ಅದು ಖಾಲಿ. ಅದರ ಹಿಂದಿನದೂ ಖಾಲಿ. ಮುಚ್ಚಳದ ಅಂಚಿಗೆ ಗೋಂದು ಹಚ್ಚಿ ಹೊಸದರಂತೆ ಅಂಟಿಸಲಾಗಿತ್ತು. ಪೇಸ್ಟಿನ ಡಬ್ಬಿಗಳಲ್ಲಿ ಆಕೆಯೇ ಒಪ್ಪಿಸಿದ್ದ ಚಪ್ಪಟೆ ಟ್ಯೂಬುಗಳು. ಸೋಪಿನ ಹೊದಿಕೆಗಳೊಳಗೆ ಮಡಿಸಿದ ಹಳೆಯ ಪೇಪರು, ಮೂಲೆಗಳು ಎಷ್ಟು ನೀಟಾಗಿದ್ದವೆಂದರೆ ಹೊಲಿಗೆಯವಳಿಗೂ ತಪ್ಪು ಸಿಗಲಿಲ್ಲ. ಆಕೆ ಒಂದೊಂದನ್ನೇ ಎತ್ತಿ ನೋಡಿದಳು, ಎತ್ತಿದ ಜಾಗಕ್ಕೇ ಇಟ್ಟಳು. ಕಪಾಟಿನಲ್ಲಿ ತೂಕವಿದ್ದದ್ದು ಕೆಳಗಿನ ಸಾಲಿನ ಒಂದು ಮೂಲೆಗೆ ಮಾತ್ರ. ಅಲ್ಲಿ ಆಕೆಯ ಮಂಡಿಯ ಮಾತ್ರೆಗಳಿದ್ದವು.

ಖಾಲಿ ತಾ ಎಂದು ಆತ ಕೇಳುತ್ತಿದ್ದದ್ದು ಇದಕ್ಕೆ. ಶೆಲ್ಫ್ ತುಂಬಿದ್ದರೆ ಮನುಷ್ಯ ನೆಮ್ಮದಿಯಾಗಿ ನಿದ್ದೆ ಮಾಡುತ್ತಾನೆ ಎಂದಿದ್ದ. ಯಾವ ಮನುಷ್ಯ ಎಂದು ಹೇಳಿರಲಿಲ್ಲ. ನಿದ್ದೆ ಮಾಡಿದವಳು ತಾನು. ಮೇಲಾಗಿ ಮನಸ್ಸಿನಲ್ಲೇ ಆತನನ್ನು ಜಿಪುಣ, ಕಲ್ಲೆದೆಯವನು ಎಂದು ಬೈದವಳೂ ತಾನೇ. ಬಾಗಿಲು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಳು.

‘ಎಲ್ಲಾ... ಸರಿ ಇದೆಯಾ?’ ಜಗಲಿಯಿಂದ ದನಿ ಬಂತು.

ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. ‘ತುಂಬಿ ತುಳುಕ್ತಾ ಇದೆ ರೀ. ಹೊಸಾದು ಇಡೋಕೂ ಜಾಗ ಇಲ್ಲ.’

ಜಗಲಿಯಲ್ಲಿ ಆತ ಮೂಗು ಎಳೆದುಕೊಂಡದ್ದು ಕೇಳಿಸಿತು. ಆಕೆ ಕಪಾಟು ಮುಚ್ಚಿ, ಒಲೆ ಹೊತ್ತಿಸಿ, ಹೊಸ ಡಬ್ಬಿ ಒಡೆದು ಚಹಾ ಮಾಡಿದಳು. ಕಾರ್ಖಾನೆಯ ಗಡಿಯಾರದಲ್ಲಿ ಮೂರು ದಾಟಿತ್ತು. ಒಂದೇ ಲೋಟದಷ್ಟು ಮಾಡಿ ಎರಡಕ್ಕೆ ಬಗ್ಗಿಸಿದಳು.

‘ಮಧ್ಯಾಹ್ನದ್ದು ರದ್ದಾಗಿತ್ತಲ್ಲ?’ ಎಂದ ಸ್ಟೋರಪ್ಪ, ಲೋಟ ತೆಗೆದುಕೊಳ್ಳುತ್ತಾ.

‘ದೊಡ್ಡೋರು ಹೇಳ್ತಿದೀನಿ, ಕುಡೀರಿ.’

ಆತ ಒಂದು ಗುಟುಕು ಕುಡಿದು ಬೀದಿಯ ಕಡೆ ನೋಡಿದ. ‘ಸಕ್ಕರೆ ಕಮ್ಮಿಯಾಯ್ತು ಕಣೇ’ ಎಂದ. ಏಕವಚನ ವಾಪಸು ಬಂದದ್ದಕ್ಕೆ ಹೊಲಿಗೆಯಮ್ಮನಿಗೆ ಎಷ್ಟು ಸಮಾಧಾನವಾಯಿತೆಂದರೆ, ಸಕ್ಕರೆಯ ಮಾತು ಆಕೆ ಕಿವಿಗೇ ಹಾಕಿಕೊಳ್ಳಲಿಲ್ಲ.

ಕಪಾಟಿನ ಒಳಗಿನ ವಿಷಯವನ್ನು ಇಬ್ಬರೂ ಯಾವತ್ತೂ ಎತ್ತಲಿಲ್ಲ. ಮಂಗಳವಾರದ ಸಾಲಿನಲ್ಲಿ ಆಕೆ ಮುಂದೆ, ಚೀಲ ಹಿಡಿದು ಆತ ಹಿಂದೆ. ನರ್ಸಮ್ಮ ಒಂದೆರಡು ವಾರ ಆಡಿಕೊಂಡು ಸುಮ್ಮನಾದಳು. ಆ ಚಹಾಪುಡಿ ಮುಗಿದ ದಿನ ಸ್ಟೋರಪ್ಪ ಡಬ್ಬಿಯನ್ನು ತಂದು, ಕಾರ್ಖಾನೆಯ ಕಿಟಕಿಯೆದುರು ಕೆಲಸಗಾರರು ನಿಲ್ಲುತ್ತಿದ್ದಂತೆ, ಹೆಂಡತಿಯ ಮುಂದೆ ನಿಂತ. ಆಕೆ ಡಬ್ಬಿಯನ್ನು ಬೆಳಕಿಗೆ ಹಿಡಿದು, ತಳ ತಟ್ಟಿ, ಖಾಲಿ ಎಂದು ಖಾತ್ರಿ ಮಾಡಿಕೊಂಡಳು. ಆಮೇಲೆ ಅಂಚಿಗೆ ಗೋಂದು ಹಚ್ಚಿ ಅಂಟಿಸಿ, ಸಾಲಿನ ಕೊನೆಯಲ್ಲಿ ನಿಲ್ಲಿಸಿ, ಬೀಗ ಹಾಕಿದಳು.