ಕಣ್ಣಿಗೆ ಕಾಣದ ಕೊಂಡಿ

ಬರ್ಟ್ರಮ್‌ನ ಹೊಸ ಗೂಡ್ಸ್ ವ್ಯಾಗನ್‌ಗಳು ಒಂದೊಂದೂ ಹೆಬ್ಬೆರಳಿನಷ್ಟುದ್ದ. ಆಟಿಕೆ ಎಂದರೆ ಆತನಿಗೆ ಸಿಟ್ಟು; ‘ಮಾದರಿ ರೈಲು’ ಎನ್ನಬೇಕು. ವ್ಯಾಗನ್‌ಗಳನ್ನು ಒಂದಕ್ಕೊಂದು ಜೋಡಿಸಲು ಜೊತೆಗೆ ಬಂದ ದಪ್ಪ ಕೊಂಡಿಗಳನ್ನು ನೋಡಿ ಮೂಗು ಮುರಿದು, ಚಳಿಗಾಲವಿಡೀ ಭೂತಗನ್ನಡಿ ಹಿಡಿದು ಕೂತು, ನಿಜವಾದ ರೈಲಿನಂತೆಯೇ ಸರಪಳಿ ಕೊಂಡಿ ಮಾಡಿ ಹಾಕಿದ್ದ. ಕೂದಲೆಳೆಯಂಥ ಆ ಕೊಂಡಿ ಎಂಜಿನ್ನಿಗೆ ಸಿಕ್ಕಿದೆಯೋ ಇಲ್ಲವೋ ಎಂಬುದು ಸ್ವತಃ ಅವನಿಗೂ ಕಾಣುತ್ತಿರಲಿಲ್ಲ.

ಯಾರ್ಕ್‌ಷೈರಿನ ಚರ್ಚ್ ಹಾಲಿನಲ್ಲಿ ಮಾದರಿ ರೈಲು ಕ್ಲಬ್ಬಿನ ಪ್ರದರ್ಶನ. ದಪ್ಪ ಕೊಂಡಿಯನ್ನೇ ಉಳಿಸಿಕೊಂಡಿದ್ದ ಸದಸ್ಯರತ್ತ ಕನಿಕರದ ನಗೆ ಬೀರಿ ಬರ್ಟ್ರಮ್ ಗುಂಡಿ ಒತ್ತಿದ. ಎಂಜಿನ್ ಗಂಭೀರವಾಗಿ ಹೊರಟಿತು. ವ್ಯಾಗನ್‌ಗಳು ಅಷ್ಟೇ ಗಂಭೀರವಾಗಿ ನಿಂತಲ್ಲೇ ನಿಂತವು. ಜನರೆದುರು ಗಾಡಿಗೆ ಕೈ ಹಚ್ಚುವುದು ಆ ಕ್ಲಬ್ಬಿನಲ್ಲಿ ಮರ್ಯಾದೆಗೇಡು. ಆತ ಕೈ ಕಟ್ಟಿ ನಿಂತ.

“ಏನ್ರೀ, ಎಂಜಿನ್ ಒಂದೇ ಹೋಗ್ತಿದೆ?” ಎಂದ ಒಬ್ಬ ನೋಡುಗ.

“ಹಳೇ ಕಾಲದಲ್ಲಿ ಹಾಗೇ ಸ್ವಾಮಿ. ಗೂಡ್ಸ್ ಅಂದ್ರೆ ದಿನಗಟ್ಟಲೆ ನಿಂತಿರ್ತಿತ್ತು,” ಎಂದ ಬರ್ಟ್ರಮ್, ಮೀಸೆಗೆ ಮಣ್ಣು ತಾಗದಂತೆ.

ಚಹಾ ಹಂಚುತ್ತಿದ್ದ ಹೆಂಡತಿ ಐಲೀನ್ ಅಲ್ಲಿಂದಲೇ ಕೂಗಿದಳು: “ನೀನು ಕೆಲಸಕ್ಕೆ ಹೋಗೋವಾಗ ರೈಲು ಹೊರಡಲ್ಲ ಅಂತ ದಿನಾ ಶಾಪ ಹಾಕ್ತಿದ್ದೆ. ರಿಟೈರಾಗಿ ಅದೇ ರೈಲನ್ನ ಕೈಯಾರೆ ಕಟ್ಕೊಂಡಿದ್ದೀಯಲ್ಲೋ ಮಹರಾಯ!”