ಪರಿಚಯ ಕಡಿತ ಒಪ್ಪಂದ

ಅಂತಾರಾಷ್ಟ್ರೀಯ ಭದ್ರತಾ ಅಧ್ಯಯನ ಕೇಂದ್ರದಲ್ಲಿ ಗುಬ್ಬಿಯ ಕೆಲಸ ತಜ್ಞರ ಪರಿಚಯ ಬರೆಯುವುದು. ಯಾರು ಎಲ್ಲಿ ಓದಿದರು, ಯಾವ ಹುದ್ದೆಯಲ್ಲಿದ್ದರು, ಯಾವ ಸಮಿತಿಯಿಂದ ಸಿಟ್ಟು ಮಾಡಿಕೊಂಡು ಎದ್ದು ಬಂದರು, ಎಲ್ಲವನ್ನೂ ಹೊಂದಿಸಿ, ವಿಚಾರ ಸಂಕಿರಣದ ದಿನ ವೇದಿಕೆ ಮೇಲೆ ನಿಂತು ಓದಬೇಕು. ಅವಳದು ಕಡ್ಡಿಯಂಥ ಮೈ, ಬಿಡುವಿಲ್ಲದ ಬಾಯಿ. ಗುಬ್ಬಿ ಎಂದು ಅಕ್ಕ ಮನೆಯಲ್ಲಿ ಇಟ್ಟ ಅಡ್ಡಹೆಸರು ಅವಳ ಹಿಂದೆಯೇ ಕಚೇರಿಗೂ ಬಂದಿತ್ತು. ಕೆಲಸ ಮಾತ್ರ ಇನ್ನೂ ಕಾಯಂ ಆಗಿರಲಿಲ್ಲ. ಈ ಸಲದ ಸಂಕಿರಣ ಸುಸೂತ್ರವಾಗಿ ಮುಗಿದರೆ ಕಾಯಂ, ಇಲ್ಲವಾದರೆ ಬೇರೆ ಕಡೆ ನೋಡಿಕೋ ಎಂದು ನಿರ್ದೇಶಕರು ಮುಖಕ್ಕೆ ಹೊಡೆದಂತೆ ಹೇಳಿದ್ದರು.

ಸಂಕಿರಣದ ವಿಷಯ: ಶಸ್ತ್ರಾಸ್ತ್ರ ಪೈಪೋಟಿಯನ್ನು ನಿಲ್ಲಿಸುವುದು ಹೇಗೆ. ಮಾತನಾಡುವವರು ಇಬ್ಬರು, ಒಬ್ಬ ನಿವೃತ್ತ ರಾಯಭಾರಿ, ಒಬ್ಬ ನಿವೃತ್ತ ಜನರಲ್. ಗುಬ್ಬಿ ಇಬ್ಬರಿಗೂ ಅರ್ಧರ್ಧ ಪುಟ ಬರೆದಿಟ್ಟಳು.

ಮೊದಲು ಫೋನು ಮಾಡಿದವರು ರಾಯಭಾರಿ.

"ಏನಮ್ಮಾ, ಜನರಲ್‌ದು ಎಷ್ಟು ಸಾಲು ಬಂದಿದೆ?"

"ಹನ್ನೆರಡು ಸರ್. ನಿಮ್ಮದೂ ಅಷ್ಟೇ."

"ಅವರ ಹನ್ನೆರಡರಲ್ಲಿ ಅರ್ಧ ಪದಕಗಳೇ ಇರ್ತವೆ. ಪದಕ ಅಂದ್ರೆ ಸದ್ದು ಜಾಸ್ತಿ. ನಂದು ಬರೀ ಮಾತುಕತೆ. ಸಮತೋಲನ ತಪ್ಪುತ್ತೆ. ಆ ಮೀನುಗಾರಿಕೆ ಒಪ್ಪಂದ ಸೇರಿಸು."

"ನೀವೇ ಸಹಿ ಹಾಕಿದ್ದಾ ಸರ್?"

"ಪಕ್ಕದ ಕೋಣೇಲಿದ್ದೆ. ನಿಕಟವಾಗಿ ತೊಡಗಿಕೊಂಡಿದ್ದರು ಅಂತ ಬರಿ."

ಸಂಜೆಯೊಳಗೆ ಜನರಲ್ ಫೋನು.

"ಅವರದು ಒಂದು ಸಾಲು ಏರಿದೆಯಂತೆ?"

"ನಿಮಗೆ ಯಾರು ಹೇಳಿದ್ರು ಸರ್?"

"ನಂಬಲರ್ಹ ಮೂಲಗಳು."

ಆ ಮೂಲಗಳು ನಿರ್ದೇಶಕರ ಡ್ರೈವರ್ ಎಂದು ಕಚೇರಿಗೆಲ್ಲ ಗೊತ್ತಿತ್ತು.

"ನೋಡಮ್ಮಾ, ಮೊದಲು ಸಾಲು ಹಾಕೋ ಜಾಯಮಾನ ನಂದಲ್ಲ. ಹಾಕಿದವರನ್ನ ಸುಮ್ಮನೆ ಬಿಡೋ ಜಾಯಮಾನವೂ ಅಲ್ಲ. ಕಾಲೇಜಲ್ಲಿ ಹೈಜಂಪ್‌ ಗೆದ್ದಿದ್ದೆ, ಬರ್ಕೊ."

ಅಲ್ಲಿಂದ ಹಿಡಿತ ತಪ್ಪಿತು. ರಾಯಭಾರಿಗಳು ಆರು ಭಾಷೆ ಬಲ್ಲವರಾದರು. ಅದರಲ್ಲಿ ಎರಡು ಭಾಷೆಯಲ್ಲಿ ಕಾಫಿ ಕೇಳುವುದಷ್ಟೇ ಬರುತ್ತಿತ್ತು. ಜನರಲ್ ಕುದುರೆ ಸವಾರರಾದರು. ರಾಯಭಾರಿಗಳು ವಿದೇಶಿ ವಿಶ್ವವಿದ್ಯಾಲಯವೊಂದರ ಸಂದರ್ಶಕ ಪ್ರಾಧ್ಯಾಪಕರಾದರು. ಸಂದರ್ಶಿಸಿದ್ದು ಒಂದೇ ಒಂದು ಮಧ್ಯಾಹ್ನ. ಜನರಲ್ ಕುದುರೆಯ ಹೆಸರನ್ನೂ ಅದರ ತಾಯಿಯ ಹೆಸರನ್ನೂ ಸೇರಿಸಿದರು. ವಾರ ತುಂಬುವುದರೊಳಗೆ ಒಬ್ಬೊಬ್ಬರದು ನಾಲ್ಕು ಪುಟ ದಾಟಿತು. ಇದನ್ನು ಓದುತ್ತ ಕೂತರೆ ಸಂಕಿರಣವೇ ಮುಗಿದುಹೋಗುತ್ತದೆ, ಜೊತೆಗೆ ತನ್ನ ನೌಕರಿಯೂ ಎಂದು ಗುಬ್ಬಿಗೆ ದಿಗಿಲಾಯಿತು.

ಅಕ್ಕ ಹಳೆಯ ಕಾರು ಮಾರುವ ಕಡೆ ಕೆಲಸ ಮಾಡುತ್ತಿದ್ದಳು. ಅವಳಿಗೆ ಇದೊಂದು ಸಮಸ್ಯೆಯೇ ಅನ್ನಿಸಲಿಲ್ಲ.

"ಹಳೇ ಗಾಡಿ ಎಲ್ಲೆಲ್ಲಿ ತಿರುಗಿ ಬಂತು ಅಂತ ಹೇಳ್ತಾ ಕೂತ್ರೆ ಯಾರು ತಗೋತಾರೆ ಕಣೇ? ಇನ್ನೂ ಸ್ಟಾರ್ಟ್ ಆಗುತ್ತೆ ಅನ್ನು, ಸಾಕು. ಇಬ್ಬರಿಗೂ ಒಂದೊಂದು ಸಾಲು ಬರೆದು ಕೈ ತೊಳ್ಕೊ."

ಮರುದಿನ ಗುಬ್ಬಿ ಅದನ್ನೇ ಒಪ್ಪಂದದ ಭಾಷೆಯಲ್ಲಿ ಇಬ್ಬರ ಮುಂದಿಟ್ಟಳು. ಆಯುಷ್ಯವಿಡೀ ಜಗತ್ತಿಗೆ ಇದೇ ಬುದ್ಧಿ ಹೇಳಿದವರು, ಬೇಡವೆನ್ನಲು ಬಾಯಿ ಬರಲಿಲ್ಲ. ಆದರೆ ಪರಿಶೀಲನೆಯ ಹಕ್ಕು ಬೇಕೆಂದರು. ಸಂಕಿರಣದ ದಿನ ವೇದಿಕೆಯ ಹಿಂದಿನ ಕೋಣೆಯಲ್ಲಿ ರಾಯಭಾರಿ ಕನ್ನಡಕ ಏರಿಸಿ ಎರಡೂ ಸಾಲಿನ ಅಕ್ಷರ ಎಣಿಸಿದರು. ಜನರಲ್ ಅವಳ ಚೀಲ ಬರಿದು ಮಾಡಿಸಿದರು. ಹಳೆಯ ಪುಟಗಳು ಸಿಕ್ಕವು. ಒಬ್ಬರದನ್ನು ಇನ್ನೊಬ್ಬರು ಹರಿದು ಬುಟ್ಟಿಗೆ ಹಾಕಿ ಕೈ ಕುಲುಕಿದರು. ಅವಳ ಮೊಬೈಲು ಮಾತ್ರ ಇಬ್ಬರಿಗೂ ಹೊಳೆಯಲಿಲ್ಲ.

"ಇವರು ನಿವೃತ್ತ ರಾಯಭಾರಿಗಳು. ಇವರು ನಿವೃತ್ತ ಜನರಲ್" ಎಂದು ಓದಿ ಗುಬ್ಬಿ ಹಗುರವಾಗಿ ಕುಳಿತಳು.

ರಾಯಭಾರಿ ಎದ್ದರು. ಪೈಪೋಟಿ ಒಳ್ಳೆಯದಲ್ಲ ಎಂದರು. ನೀರು ಕುಡಿದರು. ಮಾತುಕತೆ ಆಗಬೇಕು ಎಂದು ಹೇಳಿ ಕುಳಿತರು. ಜನರಲ್ ಎದ್ದು, ರಾಯಭಾರಿಗಳು ಎಲ್ಲ ಹೇಳಿಬಿಟ್ಟಿದ್ದಾರೆ ಎಂದು ತಾವೂ ಕುಳಿತರು.

ಸಭೆ ಕಾಯಿತು. ಇಬ್ಬರೂ ಗೋಡೆ ಗಡಿಯಾರ ನೋಡುತ್ತಿದ್ದರು. ಗುಬ್ಬಿಗೆ ಆಗ ಹೊಳೆಯಿತು: ಇಷ್ಟು ವರ್ಷ ಇವರು ಹೋದಲ್ಲೆಲ್ಲ ಪರಿಚಯ ಮುಗಿಯುವ ಹೊತ್ತಿಗೆ ಟೀ ಬರುತ್ತಿತ್ತು. ಎರಡು ಮಾತಿಗಿಂತ ಹೆಚ್ಚು ತಯಾರು ಮಾಡಿಕೊಂಡು ಬರುವ ಅಭ್ಯಾಸವೇ ಇವರಿಗಿಲ್ಲ.

ನಿರ್ದೇಶಕರು ವೇದಿಕೆಯ ಬದಿಗೆ ಬಂದು ಹಲ್ಲು ಕಚ್ಚಿ ಪಿಸುಗುಟ್ಟಿದರು. "ಟೀಗೆ ಇನ್ನೂ ನೀರೇ ಇಟ್ಟಿಲ್ಲ. ಏನಾದ್ರೂ ಮಾಡು. ಇಲ್ಲಾಂದ್ರೆ ನಾಳೆಯಿಂದ ಬರ್ಬೇಡ."

ಗುಬ್ಬಿ ಮೊಬೈಲು ತೆಗೆದು ಇಬ್ಬರಿಗೂ ತೋರಿಸಿದಳು. "ಪೂರ್ತಿ ಇದರಲ್ಲಿದೆ ಸರ್. ಓದ್ಲಾ?"

"ಒಪ್ಪಂದ ಮುರಿದ ಹಾಗಾಗುತ್ತೆ," ಎಂದರು ರಾಯಭಾರಿ, ಕಣ್ಣು ಮೊಬೈಲಿನ ಮೇಲೇ ಇಟ್ಟು. "ಜನರಲ್ ಸಾಹೇಬರು ಮೊದಲು ಮುರಿದರೆ ನನ್ನ ಅಭ್ಯಂತರ ಇಲ್ಲ."

"ಮುರಿಯೋದಾದ್ರೆ ಇಬ್ಬರೂ ಒಟ್ಟಿಗೆ," ಎಂದರು ಜನರಲ್.

ಹಾಗಾಗಿ ಗುಬ್ಬಿ ಅವರದೊಂದು ಸಾಲು, ಇವರದೊಂದು ಸಾಲು ಓದತೊಡಗಿದಳು. ಮೀನು ಬಂತು, ಹೈಜಂಪ್ ಬಂತು, ಆರು ಭಾಷೆ ಬಂದವು. ಕುದುರೆಯ ತಾಯಿಯ ಹೆಸರಿಗೆ ಸಭೆ ಚಪ್ಪಾಳೆ ತಟ್ಟಿತು. ಅದರ ಬೆನ್ನಿಗೇ ಟೀ ಬಂತು. ಇಂಥ ಆಳವಾದ ಚರ್ಚೆ ಈಚೆಗೆ ಕೇಳಿರಲಿಲ್ಲ ಎಂದು ಹೊರಗೆ ಯಾರೋ ಹೇಳುತ್ತಿದ್ದರು.

ಕೆಲಸ ಕಾಯಂ ಆಯಿತು. ಅಷ್ಟೇ ಅಲ್ಲ, ನಿರ್ದೇಶಕರು ಅವಳ ಹೆಸರನ್ನೂ ಕೇಂದ್ರದ ತಜ್ಞರ ಸಾಲಿಗೆ ಸೇರಿಸಿ, ನಿನ್ನ ಪರಿಚಯ ನೀನೇ ಬರೆದುಕೋ ಎಂದರು.

ಆ ಸಂಜೆ ಅಕ್ಕ ಅವಳ ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ಏನಂತ ಬರೀತಿದೀಯೇ?"

"ಇಬ್ಬರು ಬಲಾಢ್ಯರ ನಡುವಿನ ಒಪ್ಪಂದದಲ್ಲೂ ಅದರ ಉಲ್ಲಂಘನೆಯಲ್ಲೂ ನಿಕಟವಾಗಿ ತೊಡಗಿಕೊಂಡಿದ್ದರು."

"ಒಂದು ಸಾಲು ಸಾಕಲ್ವಾ?"

"ಇದು ಮೊದಲನೇದು ಕಣೇ," ಎಂದು ಗುಬ್ಬಿ ಮುಂದೆ ಬರೆಯತೊಡಗಿದಳು.