ಬಿದ್ದವರ ಹೆಸರು ಹೇಳಬಾರದು

ಊರಿಗೆಲ್ಲ ಧೈರ್ಯ ಹಂಚುವ ಮನುಷ್ಯನ ಕೈ ಮೈಕಿನ ಪಕ್ಕದಲ್ಲಿ ನಡುಗುತ್ತಿತ್ತು. ಪುಣ್ಯಕ್ಕೆ, ರೇಡಿಯೋದಲ್ಲಿ ಕೈ ನಡುಗುವುದು ಕೇಳಿಸುವುದಿಲ್ಲ.

ಹಾಕಿ ಪಂದ್ಯಗಳ ವೀಕ್ಷಕ ವಿವರಣೆ ಕೊಡುತ್ತಲೇ ತಲೆ ಹಣ್ಣಾದವನು ಆತ. ಆಟವಿಲ್ಲದ ದಿನ ಕಾಲೇಜು, ಕಾರ್ಖಾನೆ, ಬ್ಯಾಂಕು, ಎಲ್ಲಿ ಕರೆದರೂ ಹೋಗಿ ಸ್ಫೂರ್ತಿ ಭಾಷಣ ಬಿಗಿಯುತ್ತಿದ್ದ. “ಭಯವನ್ನು ನೋಡಬೇಡಿ, ಚೆಂಡನ್ನು ನೋಡಿ!” ಎಂದು ಗುಡುಗಿದರೆ ಸಾಕು, ಕೂತಲ್ಲೇ ತೂಕಡಿಸುತ್ತಿದ್ದ ಗುಮಾಸ್ತರೂ ಬೆಚ್ಚಿಬಿದ್ದು ಚಪ್ಪಾಳೆ ತಟ್ಟುತ್ತಿದ್ದರು. ಅಂಥವನಿಗೆ ಈಗ ಚೆಂಡೇ ಕಾಣುತ್ತಿರಲಿಲ್ಲ.

“ನೋಟದ ನಡುಭಾಗ ಹೋಗ್ತಾ ಇದೆ, ಅಂಚು ಉಳಿಯುತ್ತೆ. ಮನೇಲಿ ಹೇಳ್ಬಿಡಿ,” ಎಂದಿದ್ದರು ಕಣ್ಣಿನ ಡಾಕ್ಟರು. ಯಾವುದನ್ನು ನೆಟ್ಟಗೆ ನೋಡಿದರೂ ಅದೇ ಮಾಯ, ಅದರ ಅಕ್ಕಪಕ್ಕದ್ದು ಮಾತ್ರ ಕಾಣುವುದು. ಎಂಥ ಪೇಚಾಟ! ಆತ ಮನೆಯಲ್ಲಿ ತುಟಿ ಪಿಟಕ್ಕೆನ್ನಲಿಲ್ಲ. ಹೇಳಿದರೆ ಮೈಕು ಕೈತಪ್ಪುತ್ತದೆ, ಮೈಕಿಲ್ಲದೆ ತಾನು ಯಾರು ಎಂದು ನೆನೆದರೇ ಎದೆ ಝಲ್ಲೆನ್ನುತ್ತಿತ್ತು.

ಇಷ್ಟು ದಿನ ಹೇಗೋ ಸುಧಾರಿಸಿದ್ದ. ಕ್ಯಾಪ್ಟನ್ ಓಡುವಾಗ ಎಡ ಭುಜ ತಗ್ಗಿಸುತ್ತಾಳೆ, ಇನ್ನೊಬ್ಬಳು ಕುಪ್ಪಳಿಸುತ್ತಾಳೆ. ಓರೆಗಣ್ಣಿಗೆ ಅಷ್ಟು ಸಿಕ್ಕರೆ ಉಳಿದದ್ದನ್ನು ಬಾಯಿ ನೋಡಿಕೊಳ್ಳುತ್ತಿತ್ತು. ಗೋಲಾಯಿತೋ ಇಲ್ಲವೋ ಎಂಬುದನ್ನು ಜನರ ಕೂಗೇ ಹೇಳುತ್ತಿತ್ತು. ಅಂಕಿಅಂಶಕ್ಕೆಂದು ಪಕ್ಕದಲ್ಲಿ ಕೂರುವ ಮಾಜಿ ಗೋಲ್‌ಕೀಪರ್, ಒಂದು ಕಾಲದಲ್ಲಿ ಯಾವ ಚೆಂಡನ್ನೂ ಬಿಡದವಳು, ಎಲ್ಲರ ಬಾಯಲ್ಲಿ ‘ಗೋಡೆ’, ಚೆಂಡು ಯಾರಿಂದ ಯಾರಿಗೆ ಹೋಯಿತೆಂದು ತನಗೆ ತಾನೇ ಗೊಣಗಿಕೊಳ್ಳುವ ಅಭ್ಯಾಸದವಳು. ಆ ಗೊಣಗಾಟವೂ ಕೈಹಿಡಿಯುತ್ತಿತ್ತು.

ಆದರೆ ಇವತ್ತು, ಕಣ್ಣು ಕೆಟ್ಟ ಮೇಲೆ ಮೊದಲ ಸಲ, ಅಂಗಳದಲ್ಲಿ ಅವನ ಮಗಳಿದ್ದಳು. ಮನೆಯಲ್ಲಿ ಹೆಂಡತಿ ರೇಡಿಯೋ ಹಚ್ಚಿಕೊಂಡು ಕೂತಿದ್ದಳು. ಮಗಳ ಆಟ ನೋಡುವಷ್ಟು ಎದೆಗಾರಿಕೆ ಅವಳಿಗಿಲ್ಲ, ಗಂಡನ ಬಾಯಿಂದ ಕೇಳುವಷ್ಟು ಮಾತ್ರ ಇದೆ.

ಈ ಕಸುಬಿನಲ್ಲಿ ಒಂದು ಕಟ್ಟುನಿಟ್ಟು ಉಂಟು. ಆಟಗಾರರು ಪೆಟ್ಟು ತಿಂದು ಬಿದ್ದರೆ, ಡಾಕ್ಟರು ಕೈ ಎತ್ತಿ ‘ಪರವಾಗಿಲ್ಲ’ ಎನ್ನುವ ತನಕ ಹೆಸರು ಹೇಳುವಂತಿಲ್ಲ. ಎಲ್ಲೋ ಒಬ್ಬ ತಾಯಿ ಕೇಳುತ್ತಿರುತ್ತಾಳೆ. ಹೊಸಬರಿಗೆಲ್ಲ ಇದನ್ನು ಕಿವಿ ಹಿಂಡಿ ಕಲಿಸಿದವನು ಆತನೇ. ಹೆಂಡತಿಗೆಂದು ಅದರಲ್ಲೊಂದು ಕಳ್ಳದಾರಿಯನ್ನೂ ಮಾಡಿಕೊಂಡಿದ್ದ. ಬಿದ್ದವರ ಹೆಸರು ಹೇಳಬಾರದು, ಸರಿ. ನಿಂತವರ ಹೆಸರು ಹೇಳಬಾರದೆಂದು ಯಾರೂ ಹೇಳಿಲ್ಲವಲ್ಲ! ಯಾರಾದರೂ ಬಿದ್ದರೆ ಮರು ಉಸಿರಿಗೇ, ಮಗಳು ನೀರು ಕುಡಿಯುತ್ತಿದ್ದಾಳೆ, ಅಂಪೈರ್ ಹತ್ತಿರ ಮಾತಾಡುತ್ತಿದ್ದಾಳೆ ಎಂದು ಏನಾದರೊಂದು ತೇಲಿಬಿಡುತ್ತಿದ್ದ. ಮನೆಯಲ್ಲೊಂದು ಜೀವ ನಿಟ್ಟುಸಿರು ಬಿಡುತ್ತಿತ್ತು.

ಕೊನೆಯ ಹೊತ್ತಿಗೆ ಎದುರಾಳಿಗಳಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ಮಗಳ ತಂಡದವರು ಮುಖಕ್ಕೆ ರಕ್ಷಣೆಯ ಮುಖವಾಡ ಕಟ್ಟಿಕೊಂಡು ಗೋಲಿನೊಳಗೆ ಸಾಲಾಗಿ ನಿಂತರು. ಹೊಡೆತಕ್ಕೆ ಎದುರಾಗಿ ಮೊದಲು ನುಗ್ಗುವ ಕೆಲಸ ಯಾವಾಗಲೂ ಮಗಳದೇ. ಚೆಂಡು ಬಂತು, ಕೋಲು ಬೀಸಿತು, ಠಪ್ ಎಂದಿತು. ಅದು ಗೋಲಿನ ಹಲಗೆಗೆ ಬಡಿದ ಸದ್ದಲ್ಲ. ಮೈಗೆ ಬಡಿದ ಸದ್ದು ಆತನಿಗೆ ಗೊತ್ತಿತ್ತು.

ಮೈದಾನವೆಲ್ಲ ಗಪ್‌ಚಿಪ್. ಕಣ್ಣನ್ನು ಅತ್ತಿತ್ತ ಹೊರಳಿಸಿದ. ಹಸಿರು ನೆಲದ ಮೇಲೆ ಮಗಳ ತಂಡದ ನೀಲಿಯದೊಂದು ಮುದ್ದೆ ಬಿದ್ದಂತೆ ಅಂಚಿಗೆ ಕಂಡಿತು, ನೆಟ್ಟಗೆ ನೋಡಿದರೆ ಏನೂ ಇಲ್ಲ. ಓಡುವವರನ್ನು ಓಟದಿಂದ ಗುರುತು ಹಿಡಿಯಬಹುದಿತ್ತು. ಬಿದ್ದವಳಿಗೆ ಓಟವೆಲ್ಲಿ?

“ಆಟ ನಿಂತಿದೆ,” ಎಂದ. ಮುಂದಕ್ಕೆ ಮಾತು ಹೊರಡಲಿಲ್ಲ.

ಗೋಡೆ ಈಗ ಗೊಣಗುತ್ತಲೂ ಇಲ್ಲ. ಅವಳು ಕಟ್ಟುನಿಟ್ಟಿನ ಹುಡುಗಿ, ಇವನೇ ಕಲಿಸಿದ್ದು. ಬಾಯಿಗೆ ಬೀಗ ಹಾಕಿಕೊಂಡು ಗುರು ಮಾತಾಡಲಿ ಎಂದು ಕಾಯುತ್ತಿದ್ದಳು.

ಮಾತಿಲ್ಲದ ಒಂದೊಂದು ಗಳಿಗೆಯೂ ಮನೆಯಲ್ಲಿ ಏನು ಮಾಡುತ್ತಿದೆಯೆಂದು ಆತನಿಗೆ ಗೊತ್ತಿತ್ತು. ಹೆಂಡತಿ ರೇಡಿಯೋಗೆ ಕಿವಿ ಹಚ್ಚಿರುತ್ತಾಳೆ. ಮಗಳ ಹೆಸರು ಬರಲಿಲ್ಲವೆಂದರೆ ಬಿದ್ದವಳು ಮಗಳೇ. ‘ನಮ್ಮ ಹುಡುಗಿ ಅಂಚಿನಲ್ಲಿ ನಿಂತಿದ್ದಾಳೆ’ ಎಂದುಬಿಡಲೇ? ನಾಲಿಗೆಯ ತುದಿಗೆ ಬಂದೇಬಿಟ್ಟಿತು. ನಿಜವಾಗಿದ್ದರೆ ಸರಿ. ಸುಳ್ಳಾಗಿದ್ದರೆ? ತಾಯಿಗೆ ಮಗಳು ನಿಂತಿದ್ದಾಳೆಂದು ಹೇಳಿ, ಆಮೇಲೆ ಆಸ್ಪತ್ರೆಯ ಬಾಗಿಲಲ್ಲಿ ಅವಳಿಗೆ ಯಾವ ಮುಖ ತೋರಿಸುವುದು? ಚೆಂಡನ್ನು ನೋಡಿ ಎಂದು ಸಾವಿರಾರು ಜನಕ್ಕೆ ಹೇಳಿದ್ದ. ಕಾಣದಾಗ ಏನು ಮಾಡುವುದೆಂದು ಮಾತ್ರ ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ.

ಕಿವಿಗೆ ಹಾಕಿದ ಹೆಡ್‌ಫೋನಿನಲ್ಲಿ ರೇಡಿಯೋ ನಿರ್ಮಾಪಕ ಕಿರುಚಿದ. “ಏನಾಯ್ತು? ಮಾತಾಡಿ ಸಾರ್, ಮಾತಾಡಿ!”

ಆತ ಮೈಕನ್ನು ಹತ್ತಿರಕ್ಕೆಳೆದುಕೊಂಡ.

“ಕೇಳುಗರೇ,” ಎಂದ, “ನನಗೆ ಕಾಣ್ತಾ ಇಲ್ಲ. ಬಿದ್ದಿರೋದು ಯಾರು, ನಿಂತಿರೋದು ಯಾರು, ನನಗೆ ಕಾಣ್ತಾ ಇಲ್ಲ. ಬಹಳ ದಿನದಿಂದ ಕಾಣ್ತಾ ಇಲ್ಲ.” ಆಮೇಲೆ ಪಕ್ಕಕ್ಕೆ ತಿರುಗಿ, ಮೈಕು ತೆರೆದಿದೆ ಎಂಬುದನ್ನೂ ಮರೆತು, ಮಕ್ಕಳು ಕೇಳುವ ಹಾಗೆ ಕೇಳಿದ: “ಅಮ್ಮಾ, ನನ್ನ ಮಗಳೆಲ್ಲಿದಾಳೆ? ನೋಡಿ ಹೇಳು.”

ಗೋಡೆ ಒಂದು ಗಳಿಗೆ ದಂಗಾದಳು. ಆಮೇಲೆ ಅವನ ತೋಳು ಗಟ್ಟಿಯಾಗಿ ಹಿಡಿದಳು.

“ಬಿದ್ದೋಳು ಕಾಲು ಆಡಿಸ್ತಾ ಇದಾಳೆ, ಗುರುಗಳೇ. ಡಾಕ್ಟರು ಹತ್ರಾನೇ ಇದಾರೆ. ನಿಮ್ಮ ಮಗಳು...” ಅವಳು ಕಿಟಕಿಯಾಚೆ ಬಗ್ಗಿ ನೋಡಿದಳು. “ನಿಮ್ಮ ಮಗಳು ಇಲ್ಲೇ, ನಮ್ಮ ಕಿಟಕಿ ಕೆಳಗೇ ಇದಾಳೆ. ಅಲ್ಲಿಂದ ಓಡಿ ಬಂದು, ಮುಖವಾಡ ಕಿತ್ತುಹಾಕಿ, ಬಿದ್ದಿದ್ದು ನಾನಲ್ಲ ಅಂತ ಆಗ್ಲಿಂದ ಎರಡೂ ಕೈ ಎತ್ತಿ ನಿಮಗೇ ಬೀಸ್ತಾ ಇದಾಳೆ. ನೀವು ಅವಳನ್ನೇ ನೋಡ್ತಾ ಇದೀರಲ್ಲ ಅಂತ ನಾನು ಸುಮ್ಮನಿದ್ದೆ.”

ಆತ ಕಿಟಕಿಯ ಗಾಜಿನತ್ತ ನೋಡಿದ. ಅಲ್ಲಿ ಬರೀ ಮಬ್ಬು. ಕಣ್ಣನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ, ಇನ್ನೂ ಸ್ವಲ್ಪ ಸರಿಸಿದ. ಅಂಚಿನಲ್ಲಿ ಏನೋ ಅಲ್ಲಾಡಿದಂತಾಯಿತು. ಕೈಯೋ, ಬಾವುಟವೋ ತಿಳಿಯಲಿಲ್ಲ. ತಿಳಿದವನ ಹಾಗೆ ತಾನೂ ಕೈ ಎತ್ತಿ ಬೀಸಿದ.

ಮೈಕು ಇನ್ನೂ ತೆರೆದೇ ಇತ್ತು. ಅಷ್ಟು ವರ್ಷದ ಗುಡುಗು ಈಗ ಗಂಟಲಿಂದಾಚೆ ಬರಲಿಲ್ಲ.

“ಹೆದರ್ಕೋಬೇಡ ಕಣೇ,” ಎಂದ. “ನಿಂತಿದಾಳಂತೆ.”